ಭೋಂಗಾ ಎಲ್ಲಿಯತನಕ ಕೇಳುತ್ತದೆ

ಮೊನ್ನೆ ಸಂಜೆ ಕೆಳಗಿನ ಮನೆಯ ಮಕ್ಕಳು ದೀಪಾವಳಿಗೆ ಆಕಾಶಬುಟ್ಟಿ ಮಾಡಲು ಕೂತಿದ್ದರು. ಬಿದಿರಿನ ಕಡ್ಡಿ, ಬಣ್ಣದ ಹಾಳೆ, ಕತ್ತರಿ ಎಲ್ಲ ಮೆಟ್ಟಿಲಿನವರೆಗೂ ಹರಡಿತ್ತು. ಅವರ ತಾಯಿ ಒಲೆಯ ಮೇಲೆ ಮೈದಾ ಹಿಟ್ಟಿನ ಅಂಟು ಕುದಿಸುತ್ತಿದ್ದಳು. ಅರ್ಧ ಬೆಂದು ತಳದಲ್ಲಿ ತುಸು ಸೀದ ಆ ಹಿಟ್ಟಿನ ವಾಸನೆ ಮೆಟ್ಟಿಲು ಹತ್ತಿ ನನ್ನ ಅಡುಗೆಮನೆಗೆ ಬಂತು. ನಮ್ಮ ಶಾಲೆಯಲ್ಲಿದ್ದ ಸಮಾಜದ ಟೀಚರ್ ನೆನಪಾದಳು. ಆಕೆಯ ಬೆರಳಿಗೆ, ಸೆರಗಿನ ತುದಿಗೆ, ಊಟದ ಡಬ್ಬಿಗೆ ಕೂಡ ಇದೇ ವಾಸನೆ ಇರುತ್ತಿತ್ತು... ಮುಖ ಸರಿಯಾಗಿ ಕಣ್ಣೆದುರು ಬರುವ ಮೊದಲೇ ನನ್ನ ಹೊಟ್ಟೆಯೊಳಗೆ ಹಳೆಯ ಉರಿ ಎದ್ದಿತು.

ನಾನು ದಾಂಡೇಲಿಯ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದೆ. ನಮ್ಮವರು ಮಿಲ್ಲಿನಲ್ಲಿ ಕೆಲಸಕ್ಕಿದ್ದರು. ಊರಿನಲ್ಲಿ ನನಗೆ ಒಂದು ಹೆಸರಿತ್ತು. ಬಜಾರಿನಲ್ಲಿ ತಾಯಂದಿರು ನಿಲ್ಲಿಸಿ, "ನಮ್ಮ ಹುಡುಗ್ಗ ಎರಡು ಬಿಗೀರಿ ಟೀಚರ್, ಲೆಕ್ಕ ಬರಬೇಕು ನೋಡ್ರಿ" ಎನ್ನುತ್ತಿದ್ದರು. ನಾನು ಯಾರಿಗೂ ಹೊಡೆದವಳಲ್ಲ. ಹೊಡೆಯುವ ಅಗತ್ಯವೇ ಬೀಳುತ್ತಿರಲಿಲ್ಲ. ನಾನು ಬಾಗಿಲಿಗೆ ಬಂದರೆ ಸಾಕು, ತರಗತಿ ತಣ್ಣಗಾಗುತ್ತಿತ್ತು. ಆ ಮೌನ ನನ್ನ ಸಂಪಾದನೆ ಎಂದುಕೊಂಡಿದ್ದೆ.

ಸಮಾಜದ ಟೀಚರ್ ಬಂದದ್ದು ಆಮೇಲೆ. ಹಳಿಯಾಳದವಳು. ಅವಳ ತಂದೆಗೆ ಅಲ್ಲಿ ಲಾರಿ ರಿಪೇರಿಯ ಗ್ಯಾರೇಜ್ ಇತ್ತು. ಮದುವೆಯಾಗಿರಲಿಲ್ಲ, ಅಣ್ಣನ ಸಂಸಾರದ ಜೊತೆ ಇದ್ದುಕೊಂಡು ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದಳು. ವಯಸ್ಸಿನಲ್ಲಿ ಹೆಚ್ಚುಕಡಿಮೆ ನನ್ನ ಓರಗೆ. ಬಂದ ಹೊಸದರಲ್ಲೇ ಹೆಡ್‌ಮಾಸ್ತರರನ್ನು ಕೇಳಿ ಶನಿವಾರದ ಕೊನೆಯ ಪಿರಿಯಡ್ಡುಗಳನ್ನು ಒಂಬತ್ತನೆಯ ತರಗತಿಗಾಗಿ ತೆಗೆದಿರಿಸಿಕೊಂಡಳು. ನಮ್ಮ ತರಗತಿಗಳ ನಡುವೆ ಇದ್ದದ್ದು ಒಂದು ತೆಳು ಗೋಡೆ. ಆಕೆ ಮಕ್ಕಳಿಗೆ ಹೇಳಿದ್ದು ನನಗೆ ನೆಟ್ಟಗೆ ಕೇಳಿಸಿತು.

"ವಿಷಯಾ ನಾ ಕೊಡೂದಿಲ್ಲ. ನಿಮಗ ಏನು ತಿಳ್ಕೋಬೇಕು ಅನಸ್ತೈತಿ, ಅದನ್ನ ನೀವ ಆರಿಸ್ಕೋರಿ. ಹೆಂಗ ತೋರಸ್ತೀರಿ ಅನ್ನೂದೂ ನಿಮಗ ಬಿಟ್ಟದ್ದು. ಬರದರ ತೋರಸ್ರಿ, ಹಾಡರ ಹಾಡ್ರಿ."

ಸ್ಟಾಫ್‌ರೂಮಿನಲ್ಲಿ ನಾವೆಲ್ಲ ನಕ್ಕೆವು. ಪೋರ್ಷನ್ ಮುಗಿಯುವುದಿಲ್ಲ, ಪರೀಕ್ಷೆ ಬಂದಾಗ ತಿಳಿಯುತ್ತದೆ ಎಂದೆವು. ಆದರೆ ಶನಿವಾರಗಳು ಬಂದವು... ಸಂತೆಯಲ್ಲಿ ಒಂದೇ ಕಾಯಿಪಲ್ಲೆಯನ್ನು ಕನ್ನಡ, ಕೊಂಕಣಿ, ಮರಾಠಿ, ಉರ್ದುವಿನಲ್ಲಿ ಹೇಗೆ ಕೂಗಿ ಮಾರುತ್ತಾರೆಂದು ಮೂವರು ಹುಡುಗರು ಬುಟ್ಟಿ ಹೊತ್ತುಕೊಂಡು ಕೂಗಿಯೇ ತೋರಿಸಿದರು. ಕುಂಬಾರವಾಡದಿಂದ ಬಂದು ಹಾಸ್ಟೆಲಿನಲ್ಲಿದ್ದ ಒಬ್ಬ ಹುಡುಗಿ, ಬಸ್ಸು ಬಾರದ ದಿನ ತನ್ನೂರಿನಲ್ಲಿ ಏನೇನು ನಿಂತುಹೋಗುತ್ತದೆ ಎಂಬುದನ್ನು ಕಾಗದದ ಬೊಂಬೆಗಳನ್ನು ಮಾಡಿ ಆಡಿಸಿ ತೋರಿಸಿದಳು. ತರಗತಿಯಲ್ಲಿ ಬಾಯಿಯೇ ಬಿಡದ ಹುಡುಗಿ ಅವಳು. ಗೋಡೆಯಾಚೆ ನಗು, ಚಪ್ಪಾಳೆ, ಬೆಂಚು ಎಳೆಯುವ ಸದ್ದು. ಈಚೆ ನನ್ನ ಮಕ್ಕಳು ಬೋರ್ಡಿನ ಕಡೆಗೆ ಮುಖ ಮಾಡಿ ಕೂತಿರುತ್ತಿದ್ದರು. ಅವರ ಕಿವಿ ಎಲ್ಲಿದೆ ಎಂದು ನನಗೆ ಗೊತ್ತಾಗುತ್ತಿತ್ತು. ನನ್ನ ಕಿವಿಯೂ ಅಲ್ಲೇ ಇತ್ತು.

ಇಷ್ಟೇ ಆಗಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದೆ. ಮರುವರ್ಷ ನನ್ನ ಮಗಳು ಒಂಬತ್ತನೆಯ ತರಗತಿಗೆ ಬಂದಳು.

ಒಬ್ಬಳೇ ಮಗಳು. ಊರ ಮಕ್ಕಳಿಗೆಲ್ಲ ಗಣಿತ ಕಲಿಸಿದ ನನಗೆ ಅವಳಿಗೆ ಕಲಿಸಲು ಆಗಲಿಲ್ಲ. ಶಾಲೆ ಬಿಟ್ಟು ಬಂದ ಕೂಡಲೇ ಅಡುಗೆಮನೆಯ ಮೇಜಿನ ಮುಂದೆ ಕೂರಿಸುತ್ತಿದ್ದೆ. ಅನುಪಾತ, ಪ್ರಮಾಣ ಎಂದು ಶುರು ಮಾಡಿದರೆ ಅವಳ ಪೆನ್ಸಿಲು ನಿಂತುಬಿಡುತ್ತಿತ್ತು. ನಾನು ದನಿ ಏರಿಸುತ್ತಿರಲಿಲ್ಲ. ಮತ್ತೆ ಹೇಳುತ್ತಿದ್ದೆ, ಮತ್ತೆ ಹೇಳುತ್ತಿದ್ದೆ. ಹಾಳೆಯ ಮೇಲೆ ಒಂದು ಹನಿ ಕಣ್ಣೀರು ಬೀಳುತ್ತಿತ್ತು, ಅವಳು ಅದನ್ನು ಅಂಗೈಯಿಂದ ಒರೆಸುತ್ತಿದ್ದಳು, ಅಂಕಿಗಳೆಲ್ಲ ಕದಡಿ ಹೋಗುತ್ತಿದ್ದವು. ಸಂಜೆ ಮಿಲ್ಲಿನ ಸೈರನ್, ನಮ್ಮೂರ ಮಾತಿನಲ್ಲಿ ಭೋಂಗಾ, ಕೂಗುವವರೆಗೂ ಇದು ನಡೆಯುತ್ತಿತ್ತು. ಭೋಂಗಾ ಆದರೆ ಪಾಳಿ ಬಿಟ್ಟಿತೆಂದು ಅರ್ಥ. ಇವರು ಮನೆಗೆ ಬರುವ ಹೊತ್ತಿಗೆ ಚಹಾಕ್ಕಿಡಲು ನಾನು ಏಳುತ್ತಿದ್ದೆ.

ಆ ವರ್ಷ ಮಳೆ ಕಡಿಮೆಯಾದ ಮೇಲೆ ಮಗಳು ಒಂದು ವಿಚಿತ್ರ ಪ್ರಶ್ನೆ ಹಿಡಿದುಕೊಂಡು ಓಡಾಡತೊಡಗಿದಳು. ಹಾಲಿನವನು ಬಂದರೆ, "ನಿಮ್ಮ ಮನಿತನಾ ಭೋಂಗಾ ಕೇಳ್ತೈತೇನ್ರಿ?" ಕುಳಗಿ ರಸ್ತೆಯ ಬಸ್ಸಿನ ಕಂಡಕ್ಟರನನ್ನು ನಿಲ್ಲಿಸಿ ಅದೇ ಪ್ರಶ್ನೆ. ಸಾಂಬ್ರಾಣಿ ಎಂಬ ಹಳ್ಳಿಯಿಂದ ಬರುವ ಗೆಳತಿಯ ಅಜ್ಜಿಗೂ ಹೇಳಿ ಕಳಿಸಿದ್ದಳು. ಚಳಿಗಾಲದ ಬೆಳಗಿನಲ್ಲಿ ಗಾಳಿ ಈ ಕಡೆಯಿಂದ ಬೀಸಿದರೆ ಮಾತ್ರ ಸಣ್ಣಗೆ ಕೇಳುತ್ತದೆ ಎಂದು ಅಜ್ಜಿಯ ಉತ್ತರ ಬಂತು. ಮಗಳು ಅದನ್ನು ಅಪ್ಪನ ಮುಂದೆ ಕುಣಿದು ಕುಣಿದು ಹೇಳಿದಳು. ಶನಿವಾರಕ್ಕೆ ಅವಳು ಆರಿಸಿಕೊಂಡ ವಿಷಯ ಅದು: ಭೋಂಗಾ ಎಲ್ಲಿಯತನಕ ಕೇಳುತ್ತದೆ. ಊರಿನ ನಕಾಶೆ ಬರೆದು ಅದರಲ್ಲಿ ತೋರಿಸಬೇಕಂತೆ.

ನಕಾಶೆ ಎಂದಾಗ ನನಗೆ ಒಳಗೊಳಗೇ ಹಿಗ್ಗಾಯಿತು. ನಕಾಶೆಗೆ ಅಳತೆ ಬೇಕು, ಅಳತೆಗೆ ಅನುಪಾತ ಬೇಕು. ಇನ್ನು ಎಲ್ಲಿಗೆ ಹೋಗುತ್ತಾಳೆ, ನನ್ನ ಹತ್ತಿರ ಬರಲೇಬೇಕು. ನಾನು ಕಾದೆ. ಸ್ಕೇಲು, ಕಂಪಾಸು ಅವಳ ಕೈಗೆ ಸಿಗುವಂತೆ ಮೇಜಿನ ಮೇಲಿಟ್ಟೆ. ಅವಳು ಬರಲಿಲ್ಲ. ಒಂದು ಭಾನುವಾರ ಅಪ್ಪನಿಗೆ ಹೇಳಿ ಹಳಿಯಾಳದ ಬಸ್ಸು ಹತ್ತಿದಳು. ಸಂಜೆ ಬಂದಾಗ ಬೆರಳಿಗೆಲ್ಲ ಒಣಗಿದ ಅಂಟು.

"ಊಟಾ?" ಎಂದೆ.

"ಟೀಚರ್ ಮನ್ಯಾಗ ಆತವ್ವಾ. ಶ್ಯಾವಿಗಿ ಪಾಯಸಾ ಮಾಡಿದ್ರು."

ನಾನು ಅವಳಿಗೆಂದು ಮುಚ್ಚಿಟ್ಟಿದ್ದ ರೊಟ್ಟಿ ತಿಂದು ಮಲಗಿದೆ.

ಮರುದಿನ ಶಾಲೆ ಬಿಟ್ಟ ಮೇಲೆ ಬಸ್‌ಸ್ಟ್ಯಾಂಡಿಗೆ ಹೋದೆ. ಆಕೆ ಬೆಂಚಿನ ತುದಿಯಲ್ಲಿ ಕೂತು ಶೇಂಗಾ ತಿನ್ನುತ್ತಿದ್ದಳು. ಪೊಟ್ಟಣ ನನ್ನತ್ತ ಚಾಚಿದಳು. ನಾನು ತೆಗೆದುಕೊಳ್ಳಲಿಲ್ಲ.

"ನನ್ನ ಮಗಳಿಗೆ ಗಣಿತಾ ನಾ ಹೇಳಿಕೊಡ್ತೇನ್ರಿ. ನೀವು ತ್ರಾಸ ತಗೋಬ್ಯಾಡ್ರಿ" ಎಂದೆ.

ಆಕೆ ನಕ್ಕಳು. "ನನಗ ಗಣಿತಾ ಎಲ್ಲಿ ಬರ್ತೈತ್ರಿ ಟೀಚರ್? ಎಸ್ಸೆಸ್ಸೆಲ್ಸಿ ಹೆಂಗ ಪಾಸಾದ್ನೋ ಆ ಅಲ್ಲಾಗೇ ಗೊತ್ತು. ಸ್ಕೇಲ್ ಹೆಂಗ ಹಿಡೀಬೇಕಂತ ಆಕಿ ಕೇಳಿದ್ಲು. ನನಗೂ ಗೊತ್ತಿಲ್ಲವಾ ಅಂದೆ. ಇಬ್ರೂ ಕೂಡಿ ಹಾಳಿ ಮ್ಯಾಲ ಹಾಳಿ ಕೆಡಿಸಿದ್ವಿ. ಕಡೀಕ ಆಕಿಗ ಬಂತು. ಆಮ್ಯಾಲ ನನಗ ಆಕೀನ ಹೇಳಿಕೊಟ್ಲು."

ಬಸ್ಸು ಬಂತು, ಹತ್ತಿ ಹೋದಳು. ಕಲಿಸಿದೆ ಎಂದಿದ್ದರೆ ನಾನು ಜಗಳ ತೆಗೆಯಬಹುದಿತ್ತು. ಗೊತ್ತಿಲ್ಲ ಎನ್ನುವವಳ ಜೊತೆ ಹೇಗೆ ಜಗಳವಾಡುವುದು? ನನಗೆ ಗೊತ್ತಿದ್ದುದೆಲ್ಲ ಮೇಜಿನ ಮೇಲೆ ಬಿದ್ದಿತ್ತು, ಅದನ್ನು ಬಿಟ್ಟು ನನ್ನ ಮಗಳು ಆಕೆಯ ಗೊತ್ತಿಲ್ಲದಿರುವಿಕೆಯನ್ನು ಹುಡುಕಿಕೊಂಡು ಬಸ್ಸು ಹತ್ತಿದ್ದಳು...

ತೋರಿಸುವ ದಿನ ತಂದೆತಾಯಿಗಳನ್ನೂ ಕರೆದಿದ್ದರು. ಇವರು ರಜೆ ಹಾಕಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದರು. ಮಗಳ ನಕಾಶೆ ಗೋಡೆಯ ಅರ್ಧವನ್ನು ಮುಚ್ಚಿತ್ತು. ಹಳೆಯ ಕ್ಯಾಲೆಂಡರಿನ ಹಾಳೆಗಳನ್ನು ತಿರುವಿ, ಒಂದಕ್ಕೊಂದು ಅಂಟಿಸಿ ಮಾಡಿದ್ದು. ನಾನು ಮನಸ್ಸಿನಲ್ಲೇ ಒಂದು ವರ್ತುಲ ಎಳೆದುಕೊಂಡು ಬಂದಿದ್ದೆ: ಮಿಲ್ಲು ಕೇಂದ್ರ, ಸದ್ದು ಸುತ್ತಲೂ ಒಂದೇ ಸಮ. ಅವಳು ಬರೆದಿದ್ದ ಗೆರೆ ಎಲ್ಲೋ ಉಬ್ಬಿತ್ತು, ಎಲ್ಲೋ ತಗ್ಗಿತ್ತು. ಹೊಳೆಯ ಗುಂಟ ಉದ್ದಕ್ಕೆ ಚಾಚಿ, ಗುಡ್ಡದ ಬೆನ್ನಿಗೆ ಬಂದಲ್ಲಿ ತಟ್ಟನೆ ಒಳಗೆ ಸರಿದಿತ್ತು. ಕೆಳಗೆ ಅಳತೆ ಬರೆದಿದ್ದಳು. ನಾನು ಕಣ್ಣಲ್ಲೇ ಲೆಕ್ಕ ಹಾಕಿದೆ. ಸರಿಯಾಗಿತ್ತು. ಒಂದು ತಪ್ಪಾದರೂ ಸಿಗಲಿ ಎಂದು ಮತ್ತೆ ಹಾಕಿದೆ.

ಹೆಡ್‌ಮಾಸ್ತರರು ಕನ್ನಡಕ ಏರಿಸಿಕೊಂಡು ನೋಡಿದರು. "ಭಾಳ ಚಲೋ ಮಾಡಿದಿ ತಂಗಿ. ಈ ವಿಷಯಾನ ಯಾಕ ಆರಿಸ್ಕೊಂಡಿ?"

ಮಗಳು ಹಿಂದೆಮುಂದೆ ನೋಡಲಿಲ್ಲ. "ಸಂಜೀಕ ಭೋಂಗಾ ಆತಂದ್ರ ಅವ್ವ ಗಣಿತಾ ಬಿಟ್ಟು ಚಾಕ್ಕ ಇಡಾಕ ಏಳ್ತಾಳ್ರಿ ಸರ್. ಅದು ಯಾವಾಗ ಆದೀತು ಅಂತ ದಿನಾ ಕಾಯ್ತಿದ್ದೆ. ಹಂಗ ಕಾಯ್ತಾ ಕಾಯ್ತಾ, ನನ್ನಂಗ ಇದನ್ನ ಇನ್ನೂ ಯಾರ್ಯಾರು ಕಾಯ್ತಿರಬೇಕು ಅನಸ್ತು."

ಎಲ್ಲರೂ ನಕ್ಕರು. ಹೆಡ್‌ಮಾಸ್ತರರು ನಕ್ಕರು, ತಾಯಂದಿರು ಸೆರಗು ಬಾಯಿಗೆ ಹಿಡಿದು ನಕ್ಕರು, ಇವರೂ ನಕ್ಕು ನನ್ನ ಕಡೆ ನೋಡಿ ಸುಮ್ಮನಾದರು. ನಗದವಳು ಸಮಾಜದ ಟೀಚರ್ ಒಬ್ಬಳೇ. ಆಕೆ ನನ್ನನ್ನು ನೋಡಿದಳು, ಪೆಟ್ಟು ಬಿದ್ದವರನ್ನು ನೋಡುವ ಹಾಗೆ. ಉಳಿದವರ ನಗುವನ್ನು ಆ ಸಂಜೆಗೇ ಮರೆತೆ. ಆ ನೋಟವನ್ನು ಇವತ್ತಿಗೂ ಮರೆತಿಲ್ಲ.

ಮನೆಗೆ ಬಂದ ಮೇಲೆ ಮಗಳು, "ಸಿಟ್ಟ ಬಂತೇನವ್ವಾ?" ಎಂದು ಕೇಳಿದಳು. ಇಲ್ಲ ಎಂದೆ. ಅಂದಿನಿಂದ ಅಡುಗೆಮನೆಯ ಪಾಠ ನಿಂತಿತು. ಅವಳಿಗೆ ಅದರ ಅಗತ್ಯವೂ ಉಳಿಯಲಿಲ್ಲ. ಅನುಪಾತ ಒಂದು ಕೈವಶವಾದದ್ದೇ ಮಿಕ್ಕ ಲೆಕ್ಕಗಳ ಭಯವೂ ಬಿಟ್ಟಿತು.

ನಾನೂ ಮಾಡಿ ನೋಡಿದೆ. ಒಂದು ಶನಿವಾರ ನನ್ನ ಮಕ್ಕಳಿಗೆ, "ಗಣಿತದಾಗ ನಿಮಗ ಬೇಕಾದ್ದು ಆರಿಸ್ಕೋರಿ" ಎಂದೆ. ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತು, "ನಿಮಗ ಯಾವುದು ಸೇರ್ತೈತ್ರಿ ಟೀಚರ್?" ಎಂದು ಕೇಳಿದಳು. ಎಲ್ಲರೂ ಪಾಠಪುಸ್ತಕದ ಅಧ್ಯಾಯಗಳನ್ನೇ ಆರಿಸಿ, ಅಂದವಾಗಿ ಬರೆದು ತಂದರು. ಒಂದು ಹಾಳೆಯಲ್ಲೂ ಅಂಟಿನ ಕಲೆ ಇರಲಿಲ್ಲ.

ಅದು ಹೇಗೋ ಆಕೆಗೆ ತಿಳಿಯಿತು. ಸ್ಟಾಫ್‌ರೂಮಿನಲ್ಲಿ ಇಬ್ಬರೇ ಇದ್ದಾಗ ಕುರ್ಚಿ ಎಳೆದುಕೊಂಡು ನನ್ನ ಹತ್ತಿರ ಕೂತಳು. "ಒಂದು ಕೇಳ್ಲೇನ್ರಿ? ನಿಮ್ಮನ್ನ ಯಾರರ ಆರಿಸ್ಕೊ ಅಂದಿದ್ರ, ನೀವು ಸಣ್ಣಾಕಿ ಇದ್ದಾಗ, ಏನು ಆರಿಸ್ತಿದ್ರಿ?"

ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. "ಪೇಪರ್ ತಿದ್ದೂದೈತ್ರಿ" ಎಂದು ಎದ್ದು ಹೋದೆ. ಹಾಗೆ ಕೇಳುವವರ ಕೈಯಲ್ಲಿ ಕಲಿಯುವ ಭಾಗ್ಯ ನನ್ನ ಮಗಳಿಗಿತ್ತು, ನನಗಿರಲಿಲ್ಲ... ಆ ಹೊತ್ತು ನನಗೆ ಮಗಳ ಮೇಲೂ ಹೊಟ್ಟೆಕಿಚ್ಚಾಯಿತು.

ಕೆಲವು ವರ್ಷಗಳಲ್ಲಿ ಆಕೆಗೆ ಮುಂಡಗೋಡಕ್ಕೆ ವರ್ಗವಾಯಿತು. ಬೀಳ್ಕೊಡುವ ದಿನ ಮಕ್ಕಳು ಗೇಟಿನಲ್ಲಿ ಆಕೆಯನ್ನು ಹಿಡಿದುಕೊಂಡು ಅತ್ತರು. ನಾನು ಹಾರ ಹಾಕಿ, ಒಳ್ಳೆಯ ಮಾತಾಡಿ, ನಿರಾಳವಾಗಿ ಮನೆಗೆ ಬಂದೆ. ಗೋಡೆಯಾಚೆ ಸದ್ದಿಲ್ಲ. ಆದರೆ ನನ್ನ ತರಗತಿಯ ಮೌನ ನನಗೆ ಮೊದಲಿನಂತೆ ಹಿಡಿಸಲಿಲ್ಲ.

ಮಗಳು ನರ್ಸಿಂಗ್ ಓದಿದಳು. ಕೆಲಸ ಸಿಕ್ಕಿದ್ದು ಮುಂಡಗೋಡದ ಒಂದು ಆಸ್ಪತ್ರೆಯಲ್ಲಿ. ರಜೆಯ ದಿನ ಊಟಕ್ಕೆ ಎಲ್ಲಿಗೆ ಹೋಗುತ್ತೀ ಎಂದು ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ಕಳೆದ ವರ್ಷ ಒಂದು ಬೆಳಗ್ಗೆ ಫೋನ್ ಮಾಡಿದಳು. ಟೀಚರ್ ಹೋದರು ಎಂದಳು. ತಿಂಗಳುಗಟ್ಟಲೆ ಕಾಯಿಲೆಯಂತೆ. ನನ್ನ ಮಗಳ ವಾರ್ಡಿನಲ್ಲೇ ಇದ್ದಳಂತೆ. ಮೈ ಒರೆಸಿದ್ದು, ತುತ್ತು ಕೊಟ್ಟದ್ದು, ಕೊನೆಗೆ ಕಣ್ಣು ಮುಚ್ಚಿಸಿದ್ದು ಎಲ್ಲ ಇವಳೇ.

"ಇಷ್ಟು ದಿನ ಯಾಕ ಹೇಳಲಿಲ್ಲ?" ಎಂದೆ.

"ಹೇಳಿದ್ರ ನೀ ಏನೂ ಅನ್ನೂದಿಲ್ಲವ್ವಾ. ನೀ ಸುಮ್ಮನ ಆಗೂದನ್ನ ನನಗ ತಡ್ಕೊಳ್ಳಾಕ ಆಗೂದಿಲ್ಲ."

ಮಣ್ಣು ಹಳಿಯಾಳದಲ್ಲಾಯಿತು. ಕೆಲವು ದಿನ ಬಿಟ್ಟು ನಾನೂ ಮಗಳೂ ಆಕೆಯ ಅಣ್ಣನ ಮನೆಗೆ ಹೋದೆವು. ಪಡಸಾಲೆ ತುಂಬ ಹಳೆಯ ವಿದ್ಯಾರ್ಥಿಗಳು. ಕಾಯಿಪಲ್ಲೆ ಕೂಗಿದವರಲ್ಲಿ ಒಬ್ಬ ಈಗ ಬಸ್ ಡ್ರೈವರ್. ಕುಂಬಾರವಾಡದ ಹುಡುಗಿ ಕಂಕುಳಲ್ಲಿ ಕೂಸು ಹೊತ್ತು ಬಂದಿದ್ದಳು. ಚಾಪೆಯ ಮೇಲೆ ಒಬ್ಬರಿಗೊಬ್ಬರು ಒತ್ತಿ ಕೂತು, ಆ ಶನಿವಾರಗಳನ್ನು ನೆನೆದು ಅಳುತ್ತ ನಗುತ್ತ ಇದ್ದರು. ನಾನು ಬಾಗಿಲಿಗೆ ಬಂದೆ. ಯಾರೋ "ಗಣಿತದ ಟೀಚರ್" ಎಂದರು. ಅಷ್ಟೂ ಜನ ಒಮ್ಮೆಲೇ ಎದ್ದು ನಿಂತರು. ಮಾತು ನಿಂತುಹೋಯಿತು.

ಕೂಡ್ರಿ ಎಂದೆ. ಕೂತರು. ಆದರೆ ನಾನಿರುವವರೆಗೂ ಆ ಮಾತು ಮತ್ತೆ ಹುಟ್ಟಲಿಲ್ಲ.

ತಿರುಗಿ ಬರುವಾಗ ಬಸ್ಸಿನಲ್ಲಿ ಮಗಳು ಕಿಟಕಿಯ ಕಡೆ ಮುಖ ಮಾಡಿದ್ದಳು. "ಕಡೀಕ ಭಾಳ ತ್ರಾಸ ಆತೇನ ಆಕಿಗೆ?" ಎಂದು ಕೇಳಿದೆ. ಅವಳು ತಿರುಗಿ ನನ್ನನ್ನು ನೋಡಿದಳು. ಆಮೇಲೆ ಹೇಳತೊಡಗಿದಳು. ಟೀಚರ್ ವಾರ್ಡಿನ ಆಯಾಗಳಿಗೆ ಕಾಗದದ ಹೂವು ಕಲಿಸಿದ್ದು, ಡಾಕ್ಟರರಿಗೇ ಪ್ರಶ್ನೆ ಕೇಳಿ ಸಾಕುಮಾಡಿದ್ದು, ಹಳಿಯಾಳದ ಮನೆಯಲ್ಲಿ ಅಂದು ನಕಾಶೆ ಅಂಟಿಸಿದ್ದು... ದಾಂಡೇಲಿ ಬರುವವರೆಗೂ ಹೇಳಿದಳು. ಮಗಳು ನನ್ನ ಜೊತೆ ಅಷ್ಟು ಹೊತ್ತು ಮಾತಾಡಿದ್ದು ಅದೇ ಮೊದಲು.

ಈಗ ನಾನು ನಿವೃತ್ತಳು. ಮಗಳು ಭಾನುವಾರಕ್ಕೊಮ್ಮೆ ಫೋನ್ ಮಾಡುತ್ತಾಳೆ. ಊಟ ಆಯಿತೇ, ಬಿಪಿ ಗುಳಿಗೆ ನುಂಗಿದೆಯಾ, ಅಪ್ಪ ಹೇಗಿದ್ದಾರೆ... ಅಷ್ಟಕ್ಕೆ ಮಾತು ಮುಗಿಯುತ್ತದೆ. ಇನ್ನೇನು ಫೋನ್ ಇಡುತ್ತಾಳೆ ಎನ್ನುವಾಗ ನಾನೇ ಊರಿನ ಯಾವುದೋ ಸುದ್ದಿ ತೆಗೆದು, "ನಿಮ್ಮ ಟೀಚರ್ ಇದ್ದಿದ್ರ ಇದಕ್ಕ ಏನಂತಿದ್ರು?" ಎನ್ನುತ್ತೇನೆ. ಅವಳ ದನಿ ಅರಳುತ್ತದೆ. ಮತ್ತೆ ಅರ್ಧ ತಾಸು ನನ್ನ ಜೊತೆ ಇರುತ್ತಾಳೆ.