ಕಾಲು ಮುಂದಾಗಿ ಹುಟ್ಟಿದವನ ಹೆಂಡತಿ

ಮಕ್ಕಳೇ, ಕೊರೋನಾ ಕಳೆದ ಮರುವರ್ಷ ನಾನು ಚಿಕ್ಕಮಗಳೂರಿನ ಒಂದು ಆಸ್ಪತ್ರೆಯ ಮೂಳೆ ವಾರ್ಡಿನಲ್ಲಿ ಆಯಾ ಆಗಿದ್ದೆ. ನಿಮ್ಮ ಅಜ್ಜ ತೀರಿಕೊಂಡ ಮೇಲೆ ಸೇರಿದ ಕೆಲಸ. ರೋಗಿಗಳ ಮೈ ಒರೆಸಬೇಕು, ಮಗ್ಗುಲು ತಿರುಗಿಸಬೇಕು. ಹೆಚ್ಚು ಮಾತಾಡಬೇಕಾಗಿರಲಿಲ್ಲ, ಅದೇ ನನಗೆ ಹಿತವಾಗಿತ್ತು.

ಕಾಫಿ ಕೊಯ್ಲಿನ ಸಮಯದಲ್ಲಿ ಸಂಸೆ ಕಡೆಯಿಂದ ಲಲಿತಾ ಎಂಬ ಹುಡುಗಿಯನ್ನು ಜೀಪಿನಲ್ಲಿ ತಂದರು. ಸೊಂಟದ ಕೆಳಗೆ ಸ್ಪರ್ಶವೇ ಇರಲಿಲ್ಲ. ಜೊತೆಯಲ್ಲಿ ಗಂಡ ಮಂಜುನಾಥ, ಅತ್ತೆ ಗಿರಿಜಮ್ಮ.

ಮಳೆಗಾಲದಿಂದಲೇ ಅವಳಿಗೆ ಬೆನ್ನು ನೋವು, ಸಂಜೆಯಾದರೆ ಸಣ್ಣ ಜ್ವರ. ಗಿರಿಜಮ್ಮ ಅದನ್ನು ಡಾಕ್ಟರ ಎದುರೇ ಆಡಿಕೊಂಡರು: "ಊಟಕ್ಕೆ ಕೂತಾಗ ಎಂಥ ನೋವೂ ಇಲ್ಲ ಸಾರ್. ತೋಟಕ್ಕೆ ನಡಿ ಅಂದ್ರೆ ಸಾಕು, ಬೆನ್ನು ಹಿಡೀತದೆ."

ಕಾಲು ಮುಂದಾಗಿ ಹುಟ್ಟಿದವರು ಒದ್ದರೆ ಬೆನ್ನಿನ ಉಳುಕು ಬಿಡುತ್ತದೆಂದು ನಮ್ಮ ಕಡೆ ನಂಬಿಕೆ. ಮಂಜುನಾಥ ಹಾಗೆ ಹುಟ್ಟಿದವನು. ಬೇರೆ ಊರಿನವರೂ ಅವನಿಂದ ಒದೆಸಿಕೊಳ್ಳಲು ಬರುತ್ತಿದ್ದರಂತೆ. ಆಸ್ಪತ್ರೆಗೆ ತಂದ ದಿನ ಬೆಳಿಗ್ಗೆ ಹೆಂಡತಿಯನ್ನೇ ಅಂಗಳದಲ್ಲಿ ಬೋರಲು ಮಲಗಿಸಿ ಒದ್ದಿದ್ದ. ಅವಳು ಕಿರುಚಿದಾಗ ಅತ್ತೆ, "ಜೋರಾಗಿ ಹಾಕು, ಸೋಮಾರಿತನವೂ ಬಿಡ್ಲಿ" ಎಂದರಂತೆ. ನೋಡುತ್ತಿದ್ದವರು ನಕ್ಕರಂತೆ. ಅವಳು ಏಳಲಿಲ್ಲ.

ಎಂ.ಆರ್.ಐ. ಮಾಡಿಸಿದಾಗ ಬೆನ್ನುಮೂಳೆಯ ಟಿ.ಬಿ. ಎಂದು ತಿಳಿಯಿತು. ಕ್ಷಯ ಎದೆಗೆ ಮಾತ್ರವಲ್ಲ, ಮೂಳೆಗೂ ಬರುತ್ತದೆ. ಒಳಗೊಳಗೇ ಟೊಳ್ಳಾಗಿದ್ದ ಮೂಳೆ ಒದೆತಕ್ಕೆ ಕುಸಿದು, ಕಾಲಿಗೆ ಹೋಗುವ ನರಗಳ ಹುರಿಯನ್ನು ಜಜ್ಜಿತ್ತು.

"ಮೊದ್ಲೇ ಕರ್ಕೊಂಡು ಬಂದಿದ್ರೆ ಬರೀ ಮಾತ್ರೆ ಸಾಕಾಗ್ತಿತ್ತು" ಎಂದರು ಡಾಕ್ಟರು. ಅದೇ ದಿನ ಆಪರೇಷನ್ ಮಾಡಿ ಕೀವು ತೆಗೆದರು, ಮೂಳೆ ನಿಲ್ಲಲೆಂದು ಸ್ಕ್ರೂ, ರಾಡು ಹಾಕಿದರು. ಕಾಲಿಗೆ ಮತ್ತೆ ಶಕ್ತಿ ಬರುತ್ತದೋ ಇಲ್ಲವೋ ಕಾದು ನೋಡಬೇಕಿತ್ತು.

ಪ್ರತಿ ಬೆಳಿಗ್ಗೆ ಬಿಸಿನೀರಿನ ಬಟ್ಟೆಯಲ್ಲಿ ಅವಳ ಪಾದ ಒರೆಸುತ್ತಿದ್ದೆ. "ಅಕ್ಕ, ಕಾಲು ಯಾವಾಗ ಒರೆಸ್ತೀರಿ?" ಎಂದು ಕೇಳುತ್ತಿದ್ದಳು. ಅಷ್ಟರಲ್ಲಿ ಒರೆಸಿ ಆಗಿರುತ್ತಿತ್ತು.

ಒಂದು ಮಧ್ಯಾಹ್ನ ಪಕ್ಕದ ಮಂಚದ ಅಜ್ಜಿಯ ಮಗ ಸೊಂಟ ಹಿಡಿದುಕೊಂಡು ಬಂದ. "ಬೆಂಚಿನ ಮೇಲೆ ಮಲಗಿ ಉಳುಕಿಬಿಟ್ಟಿದೆ ಮಾರಾಯ" ಎಂದು ಮಂಜುನಾಥನಿಗೆ ಹೇಳಿದ.

"ನಮ್ಮ ಹುಡ್ಗ ಇದ್ದಾನಲ್ಲ! ಒಂದ್ಸಲ ಕಾಲು ತಾಗ್ಸಿದ್ರೆ ಸಾಕು" ಎಂದರು ಗಿರಿಜಮ್ಮ.

ಆತ ನಿಜವಾಗಿಯೂ ನೆಲದ ಮೇಲೆ ಬೋರಲು ಮಲಗಿದ. ಮಂಜುನಾಥ ಚಪ್ಪಲಿ ಕಳಚಿದ.

ಲಲಿತಾ ತಲೆ ಹೊರಳಿಸಿದಳು. "ಮೆತ್ತಗೆ ರೀ. ಪಾಪ, ಅವ್ರು ನಡ್ಕೊಂಡು ಮನೆಗೆ ಹೋಗ್ಬೇಕು."

ಮಲಗಿದ್ದವನು ಎದ್ದು ಹೊರಗೆ ಹೋದ. "ಕಾಲು ಹೋದ್ರೂ ನಾಲಿಗೆ ಹೋಗ್ಲಿಲ್ಲ ನೋಡು" ಎಂದರು ಗಿರಿಜಮ್ಮ. ಆ ವಾರ ಊರಿಗೆ ಹೋದ ಗಿರಿಜಮ್ಮ, ಮಂಜುನಾಥ ಮತ್ತೆ ಬರಲಿಲ್ಲ. ಅವಳ ಕಾಲೂ ಬರಲಿಲ್ಲ. ಕೊಟ್ಟಿಗೆಹಾರದಿಂದ ಅಣ್ಣ ಬಂದು ವೀಲ್‌ಚೇರಿನಲ್ಲಿ ಕರೆದೊಯ್ದ.

ಆ ಕೆಲಸ ಕಲಿಸಿದ್ದನ್ನು ನಿಮಗೆ ಹೇಳಿಬಿಡುತ್ತೇನೆ. ಬೆನ್ನು ನೋವಿನ ಜೊತೆ ಜ್ವರ ಬಂದರೆ ಆಸ್ಪತ್ರೆಗೆ ಹೋಗಿ. ಅದಕ್ಕೂ ಮೊದಲು, ಮನೆಯಲ್ಲಿ ಯಾರಾದರೂ ನೋಯುತ್ತಿದೆ ಎಂದರೆ ನಂಬಿ. ಲಲಿತಾಳ ಮಾತನ್ನು ಮೊದಲು ನಂಬಿದವರು ಡಾಕ್ಟರು. ಅಷ್ಟರಲ್ಲಿ ಅವಳ ಬೆನ್ನು ಮುರಿದಾಗಿತ್ತು.