ಕೊಟ್ಟವರ ಹೆಸರು

ನಮ್ಮ ಹಳ್ಳಿಯಿಂದ ತೆರಕಣಾಂಬಿಯವರೆಗೆ ಸೈಕಲ್ಲು, ಅಲ್ಲಿಂದ ಚಾಮರಾಜನಗರದ ಕಚೇರಿಗೆ ಬಸ್ಸು. ಇದು ನನ್ನ ದಿನಚರಿ. ಬಸ್ ಸ್ಟಾಪಿನ ಪಕ್ಕ ನಿಲ್ಲಿಸಿದ್ದ ಹಳೆಯ ಸೈಕಲ್ಲನ್ನು ಯಾವನೋ ಪುಣ್ಯಾತ್ಮ ಎತ್ತಿಕೊಂಡು ಹೋದ ಮೇಲೆ ಅಣ್ಣ ಹೊಸದೊಂದನ್ನು ಕೊಡಿಸಿದ. ಕಡುಗೆಂಪು ಬಣ್ಣ, ಮೈತುಂಬ ಕಂಪನಿಯ ಹೆಸರು. ಚಿಕ್ಕವಳಿದ್ದಾಗ ಕೆಂಪು ಸೈಕಲ್ಲೇ ಬೇಕೆಂದು ಅತ್ತು, ಕೊನೆಗೆ ಅವನು ತುಳಿದು ಬಿಟ್ಟ ಕರಿ ಸೈಕಲ್ಲಿಗೆ ಸುಮ್ಮನಾಗಿದ್ದೆ. ಅವನು ಅದನ್ನು ಮರೆತಿರಲಿಲ್ಲ. ಈ ಬಣ್ಣಕ್ಕಾಗಿ ಮೂರು ಅಂಗಡಿ ಅಲೆದನಂತೆ.

ಕಚೇರಿಯಲ್ಲಿ ಒಬ್ಬರು ಬುದ್ಧಿ ಹೇಳಿದರು: "ಮಿಂಚೋದ್ನೇ ಕಳ್ಳ ಮೊದ್ಲು ನೋಡೋದು. ಅಂದ ಕೆಡಿಸ್ಬುಡಿ." ನಾನೋ ಮಹಾ ಜಾಣೆ, ಕೇಳಿದೆ. ಒಂದು ಭಾನುವಾರವಿಡೀ ಬಿಸಿನೀರು, ಕೊಬ್ಬರಿ ಎಣ್ಣೆ ಹಚ್ಚಿ ಸ್ಟಿಕ್ಕರುಗಳನ್ನು ಕೆರೆದೆ. ಉಗುರು ಮುರಿಯಿತು, ಅಂಟು ಬಿಡಲಿಲ್ಲ. ಸಿಟ್ಟಿಗೆ ಉಪ್ಪುಕಾಗದ ಹಿಡಿದು ಉಜ್ಜಿದ ಭರದಲ್ಲಿ ಅಡಿಯಲ್ಲಿದ್ದ ಸೈಕಲ್ ನಂಬರನ್ನೂ ಅಳಿಸಿಬಿಟ್ಟೆ. ಗೇಟಿಗೆ ಬಳಿದು ಮಿಕ್ಕಿದ್ದ ಕರಿ ಪೇಂಟನ್ನು ಮೇಲೆ ಮೆತ್ತಿದೆ.

ಗುರುತು ಬೇಕಲ್ಲ? ಸೈಕಲ್ಲಿನ ಮೇಲೆ ಹೆಸರು ಕೊರೆಸಲು ಗುಂಡ್ಲುಪೇಟೆಯ ಪಾತ್ರೆ ಅಂಗಡಿಗೆ ಹೋದೆ. ಹೆಸರು ಕೊರೆಯುವ ಸಾಹೇಬರು ತಲೆ ಎತ್ತದೆಯೇ, "ಯಾರು ಕೊಟ್ಟಿದ್ದಮ್ಮಾ?" ಎಂದರು. ನಾನೂ ಯೋಚಿಸದೆ ಅಣ್ಣನ ಹೆಸರು ಹೇಳಿದೆ. ನಮ್ಮ ಕಡೆ ಪಾತ್ರೆಯ ಮೇಲೆ ಇಟ್ಟುಕೊಂಡವರ ಹೆಸರಿರುವುದಿಲ್ಲ. ಮದುವೆಗೋ ನಾಮಕರಣಕ್ಕೋ ಕೊಟ್ಟವರ ಹೆಸರಿರುತ್ತದೆ. ಮಷೀನು ನಿಂತ ಮೇಲಷ್ಟೇ ತಪ್ಪು ಹೊಳೆಯಿತು. ಕಳ್ಳನಿಗೆ ಯಾರ ಹೆಸರಾದರೇನು ಎಂದುಕೊಂಡು ಬಂದೆ.

ತಿಂಗಳೊಳಗೆ ಅದೂ ಹೋಯಿತು.

ದೂರು ಕೊಟ್ಟ ಮೂರನೇ ವಾರಕ್ಕೆ ಸ್ಟೇಷನ್ನಿನಿಂದ ಫೋನು. ಸಿಕ್ಕ ಹತ್ತಾರು ಸೈಕಲ್ಲುಗಳ ನಡುವೆ ನನ್ನ ಕುರೂಪಿ ನಿಂತಿತ್ತು. ಬಿಲ್ಲು ತೋರಿಸಿದೆ. ಪೇದೆ ಬಿಲ್ಲನ್ನೂ ಸೈಕಲ್ಲನ್ನೂ ನೋಡಿದ.

"ಇದ್ರಲ್ಲಿ ಕೆಂಪು ಅಂತದೆ. ಇದು ಕರೀದು. ಕಂಪ್ನಿ ಎಸ್ರಿಲ್ಲ, ನಂಬರಿಲ್ಲ. ಇರೋ ಎಸ್ರು ನಿಮ್ದಲ್ಲ."

"ನಿಮ್ ಮನೆ ಚೊಂಬಿನ ಮೇಲೆ ಯಾರ ಹೆಸ್ರದೆ, ಹೋಗಿ ನೋಡ್ಕೊಳಿ!" ಎಂದು ರೇಗಿದೆ.

"ಅದ್ಕೇ ಕಣಕ್ಕ ಏಳ್ತಿರೋದು. ಕೊಟ್ಟೋರ್ನ ಕರ್ಸಿ, ಬರ್ಕೊಟ್ಟು ತಕ್ಕೊಂಡೋಗಿ."

ನನಗೆ ಸಾಕಾಗಿತ್ತು. ಸೈಕಲ್ಲು ಕಳೆದದ್ದನ್ನು ಅಣ್ಣನಿಗೆ ಹೇಳಿದ್ದೆ. ಕರಿ ಬಳಿದದ್ದನ್ನು ಹೇಳಿರಲಿಲ್ಲ. ಅವನು ಮನೆಗೆ ಬಂದಾಗಲೆಲ್ಲ ಹಿತ್ತಿಲಲ್ಲಿ ಗೋಣಿತಾಟು ಹೊದಿಸಿ ಬಚ್ಚಿಡುತ್ತಿದ್ದೆ. ಬೇರೆ ದಾರಿಯಿರಲಿಲ್ಲ. ನನ್ನನ್ನೇ ಬೈದುಕೊಳ್ಳುತ್ತ ಫೋನು ಮಾಡಿದೆ.

ಅವನು ಕೆಲಸ ಬಿಟ್ಟು ಬಸ್ಸು ಹತ್ತಿ ಬಂದ. ಪೇದೆ ಸೈಕಲ್ಲನ್ನು ಮುಂದಕ್ಕೆ ತಳ್ಳಿ, "ಇದು ನೀವು ಕೊಡ್ಸಿದ್ದೇನಾ?" ಎಂದ.

ಅಣ್ಣ ಬಗ್ಗಿ ತನ್ನ ಹೆಸರನ್ನು ಬೆರಳಲ್ಲಿ ಸವರಿದ. ಹ್ಯಾಂಡಲ್ ಬುಡದಲ್ಲಿ ಪೇಂಟು ತಾಗದೆ ಉಳಿದಿದ್ದ ಒಂದಿಷ್ಟು ಕೆಂಪನ್ನು ನೋಡಿದ. ನನ್ನ ಕಡೆ ನೋಡಲಿಲ್ಲ.

"ನಾನು ಕೊಡ್ಸಿದ್ದು ಕೆಂಪುದು ಕಣಪ್ಪ," ಎಂದ. ಆಮೇಲೆ ಪೆನ್ನು ಕೇಳಿ ಸೈನು ಹಾಕಿದ.