ಒಂದು ಹಿಡಿ ಹಳೆಯ ಗೂಡು

ಪ್ಲೊವ್‌ದಿವ್ ನಗರದಲ್ಲಿ ಇನ್ನೂ ಬೆಳಕು ಹರಿದಿಲ್ಲ. ಸಂಶೋಧನಾಲಯದ ನೆಲಮಾಳಿಗೆಯಲ್ಲಿ ಐವತ್ತೆಂಟರ ಸಹಾಯಕಿ ದೋನ್ಕಾ ಇಲಿಯೊಂದರ ಕತ್ತು ಹಿಡಿದು, ಬೋಳಿಸಿದ ಬೆನ್ನಿನ ಮೇಲೆ ಒಂದು ಹನಿ ಬಿಡುತ್ತಾರೆ. "ಅಲುಗಾಡ್ಬೇಡ್ವೋ ರಾಜ, ಆಯ್ತು ಆಯ್ತು" ಎಂದು ರಮಿಸುತ್ತಾರೆ. ಇಲಿ ಸುಮ್ಮನಿದೆ. ಅವರ ಕಣ್ಣೇ ಮತ್ತೆ ಮತ್ತೆ ಗೋಡೆ ಗಡಿಯಾರದ ಕಡೆ ಹೋಗುತ್ತದೆ. ಎಂಟಕ್ಕೆ ಡಾಕ್ಟರ್ ಕಾಲಿನ್ ಇಲಿಗಳ ಬೆನ್ನಿನ ಗಂಟು ಎಣಿಸಲು ಬರುತ್ತಾರೆ.

ಇಪ್ಪತ್ತಾರು ವರ್ಷಗಳಿಂದ ಇದೇ ಕೆಲಸ. ವಾರಕ್ಕೆ ಎರಡು ಸಲ, ಇನ್ನೂರನಲವತ್ತು ಬೆನ್ನು. ಕ್ಯಾನ್ಸರಿನ ಬೀಜ ಬಿತ್ತುವ ರಾಸಾಯನಿಕವನ್ನು ಇಲಿಗೆ ಹಚ್ಚುವುದು ಒಂದೇ ಸಲ. ಅಷ್ಟಕ್ಕೇ ಬಿಟ್ಟರೆ ಅದು ಸಾಮಾನ್ಯವಾಗಿ ಆರಾಮಾಗಿ ಓಡಾಡಿಕೊಂಡಿರುತ್ತದೆ. ಆಮೇಲೆ ಚರ್ಮ ಕೆರಳಿಸುವ ಜಾಪಾಳ ಗಿಡದ ಸಾರವನ್ನು ತಿಂಗಳುಗಟ್ಟಲೆ ಹಚ್ಚಿದರೆ ಮಲಗಿದ್ದ ಜೀವಕೋಶಗಳು ಎದ್ದು ಗಂಟು ಕಟ್ಟುತ್ತವೆ.

"ಬಿತ್ತೋದು ಒಂದ್ಸಲ, ನೀರು ಹುಯ್ಯೋದು ವಾರ ವಾರ. ಆ ಪಾಪದ ನೀರು ಹುಯ್ಯೋಳು ನಾನೇ" ಎನ್ನುತ್ತಾರೆ ದೋನ್ಕಾ. "ಮನೆಗೆ ಹೋಗಿ ಮೂರ್ ಸಲ ಕೈ ತೊಳೀತೀನಿ. ಆಮೇಲೇ ಊಟ."

ಕಳೆದ ವರ್ಷ ಬೀಜ ಬಿತ್ತಿ, ಹೋಲಿಕೆಗೆಂದು ಸಾರವಿಲ್ಲದೆ ಅದನ್ನು ಕರಗಿಸುವ ದ್ರಾವಕ ಮಾತ್ರ ಹಚ್ಚಿದ ಗಂಡಿಲಿಗಳಲ್ಲೂ ಗಂಟುಗಳೆದ್ದವು. ದೋನ್ಕಾರನ್ನು ಚಿಕ್ಕಮ್ಮ ಎಂದೇ ಕರೆಯುವ ಕಾಲಿನ್ ನೇರವಾಗಿ ಕೇಳಿದರು: "ಚಿಕ್ಕಮ್ಮ, ಬಾಟ್ಲಿ ಅದಲು ಬದಲಾಯ್ತಾ? ನಿಜ ಹೇಳಿ."

"ಇಷ್ಟು ವರ್ಷ ಆಗದ್ದು ಈಗ್ಯಾಕಪ್ಪ ಆಗುತ್ತೆ?"

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಪಂಜರ ತೊಳೆಯುವಾಗ ಒಂದು ಹಿಡಿ ಹಳೆಯ ಗೂಡನ್ನು, ಎಂದರೆ ಇಲಿಗಳು ಮಲಗುವ ಹತ್ತಿಯನ್ನು, ಉಳಿಸುವುದು ದೋನ್ಕಾರ ರೂಢಿ. ಪರಿಚಿತ ವಾಸನೆ ಇದ್ದರೆ ಗಂಡುಗಳು ತಣ್ಣಗಿರುತ್ತವೆ. ಆದರೆ ಆ ಗಂಟುಗಳೇಳುವ ಮೊದಲು, ಎಲ್ಲವನ್ನೂ ಎಸೆಯಬೇಕೆಂದು ಹೊಸ ನಿಯಮ ತಂದವರು ಕಾಲಿನ್. ಅಂದಿನಿಂದ ಇಲಿಗಳು ಕಚ್ಚಾಡತೊಡಗಿದವು. "ಗಾಯ ಮಾಯೋವಾಗ್ಲೂ ಚರ್ಮ ಬೆಳೆಯುತ್ತಲ್ವಾ ಡಾಕ್ಟ್ರೇ? ಜಾಪಾಳ ಮಾಡೋ ಕೆಲ್ಸಾನ ಆ ಗಾಯಾನೂ ಮಾಡುತ್ತೆ" ಎಂದರು ದೋನ್ಕಾ. ಕಾಲಿನ್ ನಂಬಲಿಲ್ಲ, ಪರೀಕ್ಷೆಗೆ ಮಾತ್ರ ಒಪ್ಪಿದರು.

ಬೀಜ ಬಿತ್ತಿದ ಹೊಸ ಗಂಡಿಲಿಗಳು. ಅರ್ಧಕ್ಕೆ ಹಳೆಯ ಗೂಡು, ಉಳಿದರ್ಧಕ್ಕೆ ಹೊಸ ನಿಯಮ. ಎಲ್ಲಕ್ಕೂ ಅದೇ ದ್ರಾವಕ, ಅದೇ ಬಾಟಲಿ, ದೋನ್ಕಾರದೇ ಕೈ. ಐದು ತಿಂಗಳಾಯಿತು. ಎರಡೂ ಕಡೆ ಗಂಟು ಕಂಡರೆ ತಪ್ಪು ದೋನ್ಕಾರದೇ, ಕೆಲಸವೂ ಹೋಗುತ್ತದೆ.

ಎಂಟಕ್ಕೆ ಕಾಲಿನ್ ಬಂದು ಪಂಜರ ತೆರೆಯುತ್ತಾರೆ. ದೋನ್ಕಾ ನಿಲ್ಲಲಾರದೆ ಬಾಗಿಲಿಗೂ ಮೇಜಿಗೂ ಅಲೆಯುತ್ತಾರೆ. ಹಳೆಯ ಗೂಡಿನ ಇಲಿಗಳಲ್ಲಿ ಒಂದೂ ಗಂಟಿಲ್ಲ. ಹೊಸ ನಿಯಮದವುಗಳಲ್ಲಿ ಹನ್ನೊಂದು, ಎಲ್ಲವೂ ಕಚ್ಚಿದ ಗಾಯದ ಮೇಲೆಯೇ.

ಕಾಲಿನ್ ಕನ್ನಡಕ ತೆಗೆದು ಒರೆಸುತ್ತಾರೆ. "ತಪ್ಪು ನಂದು ಚಿಕ್ಕಮ್ಮ. ಪ್ರಬಂಧದಲ್ಲಿ ನಿಮ್ಮ ಹೆಸರೂ ಹಾಕ್ತೀನಿ."

"ಹೆಸ್ರು ಕಟ್ಕೊಂಡು ಏನ್ ಮಾಡ್ಲಿ? ಆ ನಿಯಮದ ಕಾಗದ ಕಿತ್ತಾಕಿ ಮೊದ್ಲು" ಎನ್ನುತ್ತಾ ದೋನ್ಕಾ ಮುಂದಿನ ಇಲಿಯನ್ನು ಎತ್ತಿಕೊಳ್ಳುತ್ತಾರೆ. ಈಗ ಗಡಿಯಾರದ ಕಡೆ ನೋಡುವುದಿಲ್ಲ. "ಹೇಗೂ ನಮ್ ಕೈಲೇ ಸಾಯ್ತಾವೆ. ಇರೋಷ್ಟು ದಿನ ಕಚ್ಚಾಡ್ದೆ ಇರ್ಲಿ, ಪಾಪ."